ಮರೆವಿಗೆ ಗದರಬೇಡಿ: ನೆನಪು ಕೆಲಸ ಮಾಡುವ ಬಗೆ

"ನಿನ್ನೆ ತಾನೇ ಓದಿಸಿದೆ, ಇವತ್ತು ಮರೆತುಬಿಟ್ಟೆಯಾ?" ಇದು ಮಗುವಿಗೆ ನಾವು ಹೇಳುವ ಮಾತು. "ಈಗಷ್ಟೇ ಹೇಳಿದೆನಲ್ಲ ದಾದಿ, ಎಷ್ಟು ಸಲ ಕೇಳುತ್ತೀರಿ?" ಇದು ಹಿರಿಯರಿಗೆ. ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಸಂಜೆ ಈ ಎರಡೂ ಮಾತು ಕೇಳಿಬರುತ್ತವೆ. ಮರೆತವರು ಬೇಕೆಂದೇ ಮರೆತರು ಎನ್ನುವ ಹಾಗೆ ನಾವು ಗದರುತ್ತೇವೆ. ನೆನಪು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಈ ಗದರಿಕೆ ತಾನಾಗಿ ಕಡಿಮೆಯಾಗುತ್ತದೆ. ಮಗುವಿಗೂ ಹಿರಿಯರಿಗೂ ಬೇಕಾದ ಸಹಾಯ ಬೇರೆ ಬೇರೆ ಎಂಬುದೂ ಅರ್ಥವಾಗುತ್ತದೆ.

ನೆನಪೆಂದರೆ ತುಂಗಭದ್ರಾ ಜಲಾಶಯದ ಹಾಗೆ, ತುಂಬಿದ ಮೇಲೆ ಹೊಸದಕ್ಕೆ ಜಾಗವಿಲ್ಲ ಎಂದು ಹಲವರ ಎಣಿಕೆ. ಅದಕ್ಕಿಂತ ಹತ್ತಿರದ ಹೋಲಿಕೆ ಮುನಿರಾಬಾದ್ ಕಡೆಯಿಂದ ಹೊರಡುವ ಎಡದಂಡೆ ಕಾಲುವೆಯದು. ನೀರು ಹರಿಯುತ್ತಿದ್ದರೆ ದಾರಿ ತೆರೆದಿರುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ಹೂಳು ತುಂಬುತ್ತದೆ, ಜಾಲಿ ಬೆಳೆಯುತ್ತದೆ. ನಮ್ಮ ಮಿದುಳಿನಲ್ಲೂ ನರಕೋಶಗಳ ನಡುವಿನ ಸಂಪರ್ಕಗಳು ಬಳಸಿದಷ್ಟು ಗಟ್ಟಿಯಾಗುತ್ತವೆ, ಬಳಸದಿದ್ದರೆ ಸಡಿಲವಾಗುತ್ತವೆ.

ಗಮನವಿಲ್ಲದಿದ್ದರೆ ನೆನಪಿಲ್ಲ

ನೆನಪಿಗೆ ಮೂರು ಹಂತಗಳಿವೆ: ಒಳಗೆ ತೆಗೆದುಕೊಳ್ಳುವುದು, ಉಳಿಸಿಕೊಳ್ಳುವುದು, ಬೇಕಾದಾಗ ಹೊರತೆಗೆಯುವುದು. ನಾವು ಮರೆವು ಎನ್ನುವ ಎಷ್ಟೋ ಸಂದರ್ಭಗಳಲ್ಲಿ ಮೊದಲ ಹಂತವೇ ನಡೆದಿರುವುದಿಲ್ಲ. ಫೋನಿನಲ್ಲಿ ಮಾತನಾಡುತ್ತ ಬೀಗದ ಕೈ ಎಲ್ಲೋ ಇಟ್ಟಿರುತ್ತೀರಿ. ಅದು ಮರೆತದ್ದಲ್ಲ, ಮನಸ್ಸಿಗೆ ತಲುಪದೇ ಇದ್ದದ್ದು. ನಮಾಝಿನಲ್ಲಿ ರಕಅತ್‌ನ ಎಣಿಕೆ ಒಮ್ಮೊಮ್ಮೆ ತಪ್ಪುವುದೂ ಹೀಗೆಯೇ. ಅದಕ್ಕೆ ರೋಗದ ಹೆಸರು ಕೊಡಬೇಕಾಗಿಲ್ಲ.

ತಲುಪಿದ್ದು ಕೂಡ ಮೊದಲು ಸಣ್ಣ ತಾತ್ಕಾಲಿಕ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಒಮ್ಮೆಗೆ ಸುಮಾರು ಏಳು ಸಂಗತಿಗಳು ನಿಲ್ಲಬಹುದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಿಜವಾದ ಮಿತಿ ನಾಲ್ಕರ ಆಸುಪಾಸು ಎಂದು ಆಮೇಲಿನ ಸಂಶೋಧಕರು ಹೇಳಿದ್ದಾರೆ. ಹತ್ತು ಅಂಕಿಯ ಮೊಬೈಲ್ ನಂಬರನ್ನು ಮೂರು ತುಂಡು ಮಾಡಿ ಹೇಳಿಕೊಂಡರೆ ಸುಲಭವಾಗುವುದು ಇದೇ ಕಾರಣಕ್ಕೆ. ಮಗುವಿಗೆ ಒಂದೇ ಉಸಿರಿನಲ್ಲಿ ಐದು ಕೆಲಸ ಹೇಳಿದರೆ ಎರಡು ಬಿಟ್ಟುಹೋಗುವುದೂ ಇದರಿಂದಲೇ.

1953ರಲ್ಲಿ ಸಿಕ್ಕ ಪಾಠ

ನಮ್ಮ ಅಣೆಕಟ್ಟು ಪೂರ್ಣಗೊಂಡ 1953ರಲ್ಲೇ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ತೀವ್ರ ಮೂರ್ಛೆರೋಗಕ್ಕಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮಿದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆಯಲಾಯಿತು. ಆಮೇಲೆ ಆತ ಮಾತನಾಡಬಲ್ಲವನಾಗಿದ್ದ, ಬಾಲ್ಯ ನೆನಪಿತ್ತು, ಬುದ್ಧಿ ಚುರುಕಾಗಿತ್ತು. ಆದರೆ ಹೊಸದೊಂದೂ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಭೇಟಿಯಾದವರೂ ಅವನಿಗೆ ಹೊಸಬರೇ. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಇದ್ದ.

ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಪ್ರತಿ ಸಲವೂ "ನಾನಿದನ್ನು ಮೊದಲು ಮಾಡಿಯೇ ಇಲ್ಲ" ಎಂಬುದೇ ಅವನ ಭಾವನೆ. ಇದರಿಂದ ಒಂದು ದೊಡ್ಡ ಸಂಗತಿ ಹೊರಬಿತ್ತು. ನೆನಪು ಒಂದೇ ಬಗೆಯದಲ್ಲ. ಘಟನೆಗಳ ನೆನಪು ಬೇರೆ, ಕೈಯ ರೂಢಿಯ ನೆನಪು ಬೇರೆ. ಒಂದು ಹೋದರೂ ಇನ್ನೊಂದು ಉಳಿಯಬಹುದು. ಈ ಮಾತು ಹಿರಿಯರ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಮಕ್ಕಳಿಗೆ: ಓದಿಸುವುದಕ್ಕಿಂತ ಕೇಳುವುದು

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಗಂಟೆಗಳಲ್ಲೇ ಬಹಳಷ್ಟು ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಅಂದರೆ ನಿನ್ನೆ ಕಲಿತದ್ದು ಇವತ್ತು ಮಸುಕಾಗುವುದು ಮಗುವಿನ ದಡ್ಡತನವಲ್ಲ, ಎಲ್ಲರ ಮಿದುಳಿನ ನಿಯಮ.

ಇದಕ್ಕೆ ಮದ್ದು ನಮ್ಮ ಹಿಫ್ಝ್ ಮದ್ರಸಾಗಳಲ್ಲಿ ಹಳೆಯ ಕಾಲದಿಂದಲೂ ಇದೆ. ಅಂದಿನ ಹೊಸ ಪಾಠ ಸಬಕ್, ಇತ್ತೀಚಿನ ಪಾಠಗಳು ಸಬ್ಕಿ, ಹಳೆಯದು ಮಂಝಿಲ್. ಈ ಮೂರನ್ನೂ ವಿದ್ಯಾರ್ಥಿ ನೋಡದೆ ಉಸ್ತಾದರಿಗೆ ಒಪ್ಪಿಸಬೇಕು. ಅಂತರ ಬಿಟ್ಟು ಮತ್ತೆ ಮತ್ತೆ ಹೊರತೆಗೆಯುವ ಈ ಕ್ರಮ ಹೂಳು ತುಂಬುವ ಮೊದಲೇ ಕಾಲುವೆಗೆ ನೀರು ಬಿಟ್ಟ ಹಾಗೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ತೋರಿಸಿತು. ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಅವರನ್ನು ಹಿಂದೆ ಹಾಕಿದರು.

ವಿಜ್ಞಾನಕ್ಕೂ ಸಮಾಜಕ್ಕೂ ಇದೇ ಕ್ರಮ ಹಿಡಿಸಿ. ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿಸಿ, "ಏನಿತ್ತು, ನನಗೆ ಹೇಳು" ಎನ್ನಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಕೇಳಿ. ತಡವರಿಸಿದರೆ ಬೈಯಬೇಡಿ. ತಡವರಿಸಿ ನೆನಪಿಸಿಕೊಳ್ಳುವ ಆ ಕ್ಷಣದಲ್ಲೇ ನೆನಪು ಗಟ್ಟಿಯಾಗುತ್ತದೆ. ಓದಲು ಬಾರದ ತಾಯಿಯೂ ಇದನ್ನು ಮಾಡಿಸಬಹುದು. ಕೇಳುವ ಕಿವಿ ಇದ್ದರೆ ಸಾಕು.

ನಿದ್ದೆ ಕಡಿಯಬೇಡಿ

ಹಗಲು ಕಲಿತದ್ದನ್ನು ಮಿದುಳು ಗಾಢ ನಿದ್ದೆಯಲ್ಲಿ ಮತ್ತೆ ಮಗುಚಿ, ಶಾಶ್ವತ ಜಾಗಕ್ಕೆ ಸೇರಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎಚ್ಚರವಿರುವ ಮಗು ಬಿತ್ತಿದ್ದನ್ನು ಮೊಳೆಯಲು ಬಿಡದ ಹಾಗೆ ಮಾಡಿಕೊಳ್ಳುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಫಜ್ರ್‌ಗೆ ಏಳಬೇಕಾದ ಮನೆಯಲ್ಲಿ ಮೊಬೈಲು ಬೇಗ ಮಲಗಬೇಕು.

ನೆನಪು ಬದಲಾಗುತ್ತದೆ

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ಸುದ್ದಿ ಬಂದಾಗ ನೀವು ಎಲ್ಲಿದ್ದಿರಿ, ಯಾರು ಹೇಳಿದರು? ಚಿತ್ರದಂತೆ ನೆನಪಿದೆ ಅನ್ನಿಸುತ್ತದೆ. ಈಗ ಮನೆಯವರನ್ನು ಬೇರೆ ಬೇರೆಯಾಗಿ ಕೇಳಿ ನೋಡಿ. ಉತ್ತರಗಳು ಹೊಂದದಿದ್ದರೆ ಆಶ್ಚರ್ಯಪಡಬೇಡಿ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನ, ಸುದ್ದಿ ತಿಳಿದದ್ದು ಹೇಗೆಂದು ಕೆಲವು ವಿದ್ಯಾರ್ಥಿಗಳಿಂದ ಬರೆಸಲಾಯಿತು. ಎರಡೂವರೆ ವರ್ಷ ದಾಟಿದ ಮೇಲೆ ಮತ್ತೆ ಕೇಳಿದಾಗ ಹಲವರ ಉತ್ತರ ಬೇರೆಯೇ ಆಗಿತ್ತು, ಆದರೂ ತಾವು ಹೇಳುವುದೇ ಸರಿ ಎಂಬ ಭರವಸೆ ಗಟ್ಟಿಯಾಗಿತ್ತು. ಪ್ರತಿ ಸಲ ಹೊರತೆಗೆದಾಗ ನೆನಪು ಸ್ವಲ್ಪ ತಿದ್ದುಪಡಿಯಾಗುತ್ತದೆ. ಹಾಗಾಗಿ ಹಳೆಯ ಮಾತಿಗೆ ಅಣ್ಣತಮ್ಮಂದಿರು ಜಗಳವಾಡುವಾಗ ಒಬ್ಬರು ಸುಳ್ಳರು ಎಂದು ತೀರ್ಮಾನಿಸಬೇಡಿ. ಕೊಡುಕೊಳ್ಳುವ ವಿಷಯವನ್ನು ಬರೆದಿಡಿ.

ಹಿರಿಯರಿಗೆ: ಪರೀಕ್ಷೆ ಬೇಡ, ಜೊತೆ ಬೇಕು

ವಯಸ್ಸಾದಂತೆ ಹೆಸರು ತಟ್ಟನೆ ಬಾರದಿರುವುದು, ಕನ್ನಡಕ ಹುಡುಕುವುದು ಸಹಜ. ಆದರೆ ಒಂದೇ ಪ್ರಶ್ನೆಯನ್ನು ಗಂಟೆಯಲ್ಲಿ ಹಲವು ಸಲ ಕೇಳುವುದು, ನಿತ್ಯ ನಡೆದ ದಾರಿಯಲ್ಲಿ ದಿಕ್ಕು ತಪ್ಪುವುದು, ಚಹಾ ಮಾಡುವ ಕ್ರಮವೇ ತಿಳಿಯದಾಗುವುದು, ಹಣದ ಲೆಕ್ಕ ಪದೇಪದೇ ತಪ್ಪುವುದು, ಸ್ವಭಾವ ಬದಲಾಗುವುದು ಇವುಗಳಿಗೆ "ಅರಳುಮರಳು" ಎಂದು ಕೈಬಿಡಬಾರದು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ಇವುಗಳಿಂದಲೂ ಮರೆವು ಬರುತ್ತದೆ ಮತ್ತು ಇವಕ್ಕೆ ಚಿಕಿತ್ಸೆಯಿದೆ. ಕಿವಿ ಕೇಳದಿದ್ದರೂ ಮರೆವಿನಂತೆ ಕಾಣಬಹುದು. ಒಂದೆರಡು ದಿನಗಳಲ್ಲೇ ಗೊಂದಲ ಶುರುವಾದರೆ, ಅಥವಾ ಮಾತು ತೊದಲಿ ಕೈಕಾಲು ಬಲ ಕಳೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮೊದಲ ತಪಾಸಣೆ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಆಗಬಹುದು. ಹೆಚ್ಚಿನದಕ್ಕೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬಿಪಿ, ಸಕ್ಕರೆ ಹತೋಟಿಯಲ್ಲಿಡುವುದು, ನಡೆದಾಡುವುದು, ನಾಲ್ಕು ಜನರೊಡನೆ ಬೆರೆಯುವುದು ಮಿದುಳಿಗೂ ರಕ್ಷಣೆ.

ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ನೆನಪಿಸಿಕೊಳ್ಳಲು ಕೇಳುವುದು ಮಗುವಿಗೆ ಮದ್ದು, ಡಿಮೆನ್ಶಿಯಾ ಬಂದ ಹಿರಿಯರಿಗೆ ಅದೇ ನೋವು. "ನಾನ್ಯಾರು ಹೇಳಿ ನೋಡೋಣ?" ಎಂದು ನೆಂಟರೆದುರು ಕೇಳಬೇಡಿ. "ದಾದಿ, ನಾನು ನಿಮ್ಮ ಮೊಮ್ಮಗಳು, ಚಹಾ ತಂದಿದ್ದೇನೆ" ಎಂದು ನೀವೇ ಹೇಳಿ. ಹತ್ತನೇ ಸಲ ಕೇಳಿದ ಪ್ರಶ್ನೆ ಅವರಿಗೆ ಮೊದಲನೆಯದೇ, ಉತ್ತರವೂ ಮೊದಲ ಸಲದಂತೆಯೇ ಇರಲಿ. ಬೆಳಗಿನ ತಿಂಡಿ ಮರೆತವರ ಕೈಗಳು ವುಝೂವಿನ ಕ್ರಮವನ್ನು ತಾವಾಗಿ ಮಾಡಬಹುದು, ಬಾಲ್ಯದಲ್ಲಿ ಕಲಿತ ಸೂರಾ ನಾಲಿಗೆಯ ಮೇಲೆ ಬರಬಹುದು. ಉಳಿದಿರುವ ಆ ದಾರಿಯಲ್ಲಿ ಅವರ ಜೊತೆ ನಡೆಯಿರಿ.