ಅಂಗಳದ ಆಗರವನ್ನು ಕೆಡವಬೇಡಿ

ಅಂಕೋಲೆಯ ಸಹೋದರಿಗೆ,

ಏಳನೆಯ ತರಗತಿಯ ಮಗ ಪುಸ್ತಕ ಮುಟ್ಟದೆ ಅಂಗಳದಲ್ಲಿ ಮಣ್ಣು ಮೆತ್ತಿ ಉಪ್ಪಿನ ಆಗರ ಕಟ್ಟುತ್ತಿದ್ದಾನೆ, ಪರೀಕ್ಷೆಯ ಗತಿಯೇನು ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಕೆಡವಿಸಬೇಡಿ, ಅವನ ಪಾಠಗಳು ಅದರಲ್ಲೇ ಇವೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಹತ್ತು ಲೀಟರಿಗೆ ಎಷ್ಟು ಬರಬೇಕಿತ್ತು, ಬಂದದ್ದೆಷ್ಟು ಎಂದು ಅವನೇ ತೂಗಿ ನೋಡಲಿ. ಶೇಕಡಾವಾರು ಲೆಕ್ಕ ಕೈಗೆ ಹತ್ತುತ್ತದೆ. ಕಾರವಾರಕ್ಕೆ ಹೋದಾಗ ಕಾಳಿ ಅಳಿವೆಯ ನೀರನ್ನೂ ಒಂದು ಬಾಟಲಿ ತರಲಿ. ಹೊಳೆ ನೀರು ಬೆರೆತಲ್ಲಿ ಉಪ್ಪು ಕಡಿಮೆ ಸಿಗುತ್ತದೆ, ಅದು ಭೂಗೋಳ. ಅಷ್ಟೇ ನೀರು ಅಗಲವಾದ ತೆಳು ಮಡಿಯಲ್ಲಿ ಬೇಗ ಆರುತ್ತದೆ, ಆಳದ ಗುಂಡಿಯಲ್ಲಿ ನಿಧಾನ. ಮೊದಲು ಜಿಪ್ಸಂ ತಳ ಹಿಡಿಯುತ್ತದೆ, ಆಮೇಲೆ ಉಪ್ಪಿನ ಹರಳು ಕಟ್ಟುತ್ತದೆ. ಕೊನೆಗುಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಇರುತ್ತದೆ, ಅದನ್ನು ಬಸಿದು ಚೆಲ್ಲಲು ಹೇಳಿ. ಈ ಉಪ್ಪು ಅಡುಗೆಗೆ ಬೇಡ.

ಇತಿಹಾಸವಂತೂ ನಿಮ್ಮೂರಿನದೇ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ತಾನೇ ಉಪ್ಪು ತೆಗೆದ ಹುಡುಗನಿಗೆ ಆ ಪಾಠ ಬೇರೆಯಾಗಿಯೇ ಕೇಳಿಸುತ್ತದೆ.

ಒಂದು ಷರತ್ತು ಮಾತ್ರ ಹಾಕಿ: ದಿನವೂ ಸಂಜೆ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಬೇಕು. ಅದನ್ನು ಅವನ ಮೇಷ್ಟ್ರಿಗೆ ತೋರಿಸಿ. ಬಿಡುವಾದರೆ ಸಾಣಿಕಟ್ಟೆಯ ಆಗರಗಳಿಗೂ ಕರೆದೊಯ್ಯಿರಿ, ಅಲ್ಲಿ ದುಡಿಯುವವರನ್ನು ಅವನೇ ಮಾತಾಡಿಸಲಿ. ಜೂನಿನ ಮಳೆ ಹಿಡಿದರೆ ಉಪ್ಪು ಕಟ್ಟುವುದಿಲ್ಲ. ಅದಕ್ಕೆ ಮೊದಲು ಮುಗಿಸಲು ಅವನಿಗೆ ಸಮಯ ಕೊಡಿ.