ಕಬ್ಬಿನ ಪದಪಟ್ಟಿಗೆ ಒಂದು ಪುಟ್ಟ ಸ್ಕ್ರಿಪ್ಟ್

ಕಾಗವಾಡ ತಾಲ್ಲೂಕಿನ ಶಿರಗುಪ್ಪಿ ಕಡೆ ಕಬ್ಬು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುವ ಬೆಳೆಗೆ ಒಬ್ಬರು ಕುಳೆ ಎಂದರೆ, ಇನ್ನೊಬ್ಬರು ಮರಾಠಿಯ ಖೋಡವಾ ಎನ್ನುತ್ತಾರೆ. ಪುಸ್ತಕಗಳಲ್ಲಿ ಕೂಳೆ ಬೆಳೆ ಎಂದಿರುತ್ತದೆ. ಮೂರೂ ಸರಿಯೇ. ಆದರೆ ರೈತರಿಗೆಂದು ಬರೆದ ಒಂದೇ ಕೈಪಿಡಿಯಲ್ಲಿ ಮೂರೂ ಬೆರೆತರೆ, ಇವು ಬೇರೆ ಬೇರೆ ಬೆಳೆಗಳೇನೋ ಎಂದು ಓದುವವರಿಗೆ ಅನ್ನಿಸುತ್ತದೆ. ಇದನ್ನು ತಪ್ಪಿಸಲು ಒಂದು ಪದಪಟ್ಟಿ, ಇಪ್ಪತ್ತು-ಮೂವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಸಾಕು.

ಮೊದಲು ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ನಲ್ಲಿ ಪಟ್ಟಿ ಮಾಡಿ. ಒಂದು ಸಾಲಿಗೆ ಒಂದೇ ಅರ್ಥ. ಇಂಗ್ಲಿಷ್ ಪದ, ನೀವು ಬಳಸಲು ಒಪ್ಪಿದ ಪದ, ಉಳಿದ ರೂಪಗಳು, ಒಂದು ಸಾಲಿನ ವಿವರಣೆ, ಹೀಗೆ ನಾಲ್ಕು ಕಾಲಂ ಇರಲಿ. ಕೋ 86032 ತಳಿಯ ಸಾಲಿನಲ್ಲಿ ಮಹಾರಾಷ್ಟ್ರದ ಹೆಸರಾದ ನೀರಾ ಕೂಡ ಸೇರಲಿ. ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಆಯ್ದುಕೊಳ್ಳಿ, ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಬಹುದು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿರುವ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಮುಂದುವರಿಯಿರಿ.

ಇನ್ನು ಬಹಳ ಜನ ಎಡವುವ ಜಾಗ. 'ಖೋಡವಾ'ದ ಓತ್ವ ಕಂಪ್ಯೂಟರಿನೊಳಗೆ ಒಂದೇ ಸಂಕೇತವಾಗಿ ಇರಬಹುದು, ಮೂರು ತುಂಡುಗಳಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಪಟ್ಟಿಯನ್ನೂ ಕೈಪಿಡಿಯನ್ನೂ ಓದಿದ ಕೂಡಲೇ, ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ, ಈ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ೮೬೦೩೨ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದು ಇದರಿಂದ ಬದಲಾಗದು. ಅದಕ್ಕೆ ಸ್ಕ್ರಿಪ್ಟ್‌ನಲ್ಲಿ ಬೇರೆಯದೇ ಒಂದು ಸಾಲು ಬೇಕು.

ಆಮೇಲೆ ಸ್ಕ್ರಿಪ್ಟ್‌ಗೆ ಎರಡೇ ಕೆಲಸ: ಪಟ್ಟಿಯಲ್ಲಿ ಎರಡು ಸಲ ಬಂದ ಪದ ತೋರಿಸುವುದು, ಕೈಪಿಡಿಯಲ್ಲಿ ಒಪ್ಪದ ರೂಪ ಎಷ್ಟನೇ ಸಾಲಿನಲ್ಲಿದೆ ಎಂದು ಹೇಳುವುದು. ಕನ್ನಡದಲ್ಲಿ ಪದಕ್ಕೆ ವಿಭಕ್ತಿ ಅಂಟುವುದರಿಂದ ಇಡೀ ಪದ ಹುಡುಕಿದರೆ ಪ್ರಯೋಜನವಿಲ್ಲ, ಮೊದಲ ಭಾಗ ಕೊಡಬೇಕು. 'ಸವಳ' ಎಂದು ಕೊಟ್ಟರೆ ಸವಳು, ಸವಳಿನ ಎರಡೂ ಸಿಗುತ್ತವೆ. 'ಕಬ್ಬ' ಎಂದು ಕೊಟ್ಟರೆ ಕಬ್ಬು, ಕಬ್ಬಿನ ಜೊತೆ ಕಬ್ಬಿಣವೂ ಬಂದು ಕೂರುತ್ತದೆ! ಅಂಥವನ್ನು ಬಿಡಬೇಕಾದ ಪದಗಳೆಂದು ಬೇರೆ ಫೈಲಿನಲ್ಲಿ ಬರೆದಿಡಿ.

ಸಿಕ್ಕಿದ್ದನ್ನೆಲ್ಲ ಸ್ಕ್ರಿಪ್ಟ್ ತಾನೇ ಬದಲಿಸಲು ಬಿಡಬೇಡಿ, ಒಂದೊಂದನ್ನೂ ಓದಿ ತೀರ್ಮಾನಿಸಿ. ರೈತರ ಮಾತನ್ನು ಹಾಗೇ ಕೊಟ್ಟಿರುವ ಕಡೆ ಖೋಡವಾ ಖೋಡವಾ ಆಗಿಯೇ ಉಳಿಯಲಿ.