ಸಾಕ್ಷಿಯ ವಿಶ್ವಾಸಾರ್ಹತೆ: ಪರೀಕ್ಷಾ ಟಿಪ್ಪಣಿ

ಕಾಯ್ದೆ: ಭಾರತೀಯ ಸಾಕ್ಷ್ಯ ಅಧಿನಿಯಮ, 2023, ಜಾರಿ: 1 ಜುಲೈ 2024. ಬದಲಿಸಿದ್ದು 1872ರ ಕಾಯ್ದೆಯನ್ನು.

ನೆನಪಿಡಬೇಕಾದ ಕಲಂಗಳು (ಆವರಣದಲ್ಲಿ ಹಳೆಯದು)
1. 124 (118): ಸಾಕ್ಷಿ ಹೇಳಲು ಅರ್ಹರು
2. 139 (134): ಸಾಕ್ಷಿಗಳ ನಿಗದಿತ ಸಂಖ್ಯೆ ಬೇಕಿಲ್ಲ
3. 148 (145): ಹಿಂದಿನ ಲಿಖಿತ ಹೇಳಿಕೆ ತೋರಿಸಿ ಪಾಟೀಸವಾಲು
4. 157 (154): ತನ್ನದೇ ಸಾಕ್ಷಿಗೆ ಪಾಟೀಸವಾಲು, ನ್ಯಾಯಾಲಯದ ಅನುಮತಿಯಿಂದ
5. 158 (155): ವಿಶ್ವಾಸಾರ್ಹತೆ ಪ್ರಶ್ನಿಸುವುದು

ತೀರ್ಪುಗಳು
- ವಡಿವೇಲು ತೇವರ್ (1957): ಮೂರು ವರ್ಗ: ಪೂರ್ಣ ನಂಬಲರ್ಹ, ಪೂರ್ಣ ನಂಬಲನರ್ಹ, ಎರಡೂ ಅಲ್ಲದವರು. ಮೂರನೆಯವರಿಗೆ ಮಾತ್ರ ಪೂರಕ ಸಾಕ್ಷ್ಯ ಬೇಕು.
- ಸೂರ್ಯನಾರಾಯಣ ವಿರುದ್ಧ ಕರ್ನಾಟಕ (2001): ನಂಬಲರ್ಹವಾದರೆ ಮಗುವಿನ ಒಂಟಿ ಸಾಕ್ಷ್ಯವೂ ಸಾಕು.
- ಸೆಲ್ವಿ ವಿರುದ್ಧ ಕರ್ನಾಟಕ (2010): ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಅಸಾಂವಿಧಾನಿಕ.

ಗೊಂದಲ ಬೇಡ
- ಸಂಬಂಧಿ ಸಾಕ್ಷಿ ≠ ಹಿತಾಸಕ್ತ ಸಾಕ್ಷಿ. ನೆಂಟಸ್ತಿಕೆಯೊಂದೇ ತಿರಸ್ಕಾರಕ್ಕೆ ಕಾರಣವಲ್ಲ.
- ಪ್ರತಿಕೂಲ ಸಾಕ್ಷಿಯ ಹೇಳಿಕೆ ಪೂರ್ತಿ ಅಳಿಸಿಹೋಗದು. ನಂಬಬಹುದಾದ ಭಾಗ ಉಳಿಯುತ್ತದೆ.
- ‘ಒಂದು ಸುಳ್ಳಾದರೆ ಎಲ್ಲವೂ ಸುಳ್ಳು’ ಸೂತ್ರ ಭಾರತದಲ್ಲಿ ಕಡ್ಡಾಯವಲ್ಲ.
- ಸಣ್ಣ ವ್ಯತ್ಯಾಸ ಸಹಜ. ಪ್ರಕರಣದ ತಿರುಳಿಗೇ ತಾಗುವ ವಿರೋಧಾಭಾಸ ಮಾರಕ.

ಮಾದರಿ ಪ್ರಶ್ನೆ: ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ರಾತ್ರಿ ಕಳ್ಳತನ, ಆರೋಪಿಯನ್ನು ಕಂಡೆನೆಂದು ಒಬ್ಬನ ಸಾಕ್ಷ್ಯ. ಪರಿಶೀಲಿಸಬೇಕಾದ್ದು: ಬೆಳಕು, ದೂರ, ಮೊದಲಿನ ಪರಿಚಯ, ಹಳೆ ವೈಷಮ್ಯ, ಪೊಲೀಸರಿಗೆ ಹೇಳಿಕೆ ಕೊಡುವಲ್ಲಿ ವಿಳಂಬ.

 

ಸಾರ: ಸಾಕ್ಷಿಗಳ ಎಣಿಕೆಯಲ್ಲ, ಗುಣಮಟ್ಟ ಮುಖ್ಯ. ನಿರಪರಾಧಿಗೆ ಶಿಕ್ಷೆಯಾಗದಂತೆ ಕಾಯುವುದು ಈ ಎಚ್ಚರವೇ.